ಇಂಟರ್‌ವ್ಯೂಗೆ ಹೊರಟ ಹೀರೋಗಳೆ, ಸ್ವಲ್ಪ ನಿಲ್ರಿ!

2018ರಲ್ಲಿ ‘ಕೆಜಿಎಫ್’ ಬಂದದ್ದೇ ಬಂದದ್ದು, ನಮ್ಮ ಜಮಖಂಡಿ ಕಡೆಯ ಹುಡುಗರ ಮುಖದಲ್ಲೆಲ್ಲಾ ಗಡ್ಡವೋ ಗಡ್ಡ! ಯಶ್ ಗಡ್ಡ ಯಶ್‌ಗೆ ಚಂದ. ಆ ಪಾತ್ರಕ್ಕೆ ಅದೇ ಅರ್ಧ ಡೈಲಾಗು. ಆದರೆ ಮೇಜಿನಾಚೆ ಕೂತ ಮ್ಯಾನೇಜರ್ ಸಾಹೇಬರಿಗೆ ರಾಕಿ ಭಾಯ್ ಬೇಕಾಗಿಲ್ಲ, ನೆಟ್ಟಗೆ ಲೆಕ್ಕ ಬರೆಯೋ ಹುಡುಗ ಬೇಕು. ಗಡ್ಡ ಬೋಳಿಸಲೇಬೇಕಂತೇನಿಲ್ಲ. ಹಿಂದಿನ ದಿನ ಕತ್ತರಿ ಆಡಿಸಿ, ಕುತ್ತಿಗೆ ಮೇಲಿನ ಕೂದಲು ತೆಗೆಸಿದರೆ ಸಾಕು.

ಪಿಯುಸಿ ನಡುವೆ ಬಿಟ್ಟ ಇವನಿಗ್ಯಾಕಪ್ಪಾ ಇಂಟರ್‌ವ್ಯೂ ಉಸಾಬರಿ ಅಂತೀರಾ? ಒಳಗೆ ಕೂತು ಪ್ರಶ್ನೆ ಕೇಳೋರಿಗಿಂತ ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತವನಿಗೇ ಹುಡುಗರ ಅಂಗಿ ಚೆನ್ನಾಗಿ ಕಾಣೋದು, ಸ್ವಾಮಿ!

ಕೇಂದ್ರ ಸರ್ಕಾರ ಗ್ರೂಪ್ ‘ಸಿ’ಯಂಥ ಹುದ್ದೆಗಳಿಗೆ 2016ರ ಜನವರಿ 1ರಿಂದ ಇಂಟರ್‌ವ್ಯೂ ತೆಗೆದೇಬಿಟ್ಟಿತು. ಅಲ್ಲಿ ಪರೀಕ್ಷೆಯ ಅಂಕವೇ ದೇವರು. ಈಗ ನಮ್ಮ ಹುಡುಗರು ಹೆಚ್ಚಾಗಿ ಮುಖ ತೋರಿಸೋದು ಸಕ್ಕರೆ ಕಾರ್ಖಾನೆಯಲ್ಲಿ, ಫೈನಾನ್ಸ್ ಆಫೀಸಿನಲ್ಲಿ, ಶೋರೂಮಿನಲ್ಲಿ. ಅಲ್ಲಿ ಮೊದಲ ನೋಟಕ್ಕೆ ಬೆಲೆ ಉಂಟು. ಅಂಗಿ ನೋಡಿ ಮನುಷ್ಯನನ್ನ ಅಳೆಯೋದು ನ್ಯಾಯವಾ? ಖಂಡಿತ ಅಲ್ಲ. ಆದರೆ ಅವ್ವ ಗುಡಿಯಲ್ಲಿ ಕಾಯಿ ಒಡೆಸಿ ಕಳಿಸಿದ ದಿನ ಆ ಜಗಳ ತೆಗೆಯೋಕೆ ಹೋಗಬೇಡಿ.

ಹಾಗಂತ ಬಡ್ಡಿಗೆ ದುಡ್ಡು ತಂದು ಸೂಟು ಹೊಲಿಸಬೇಡ್ರಪ್ಪಾ! ನಮ್ಮ ಬಿಸಿಲಿಗೆ ಆ ಕೋಟಿನೊಳಗೆ ಬೆಂದುಹೋಗ್ತೀರಿ. ‘ಗಣೇಶನ ಮದುವೆ’ಯ (1990) ಅನಂತ್‌ನಾಗ್ ನೆನಪಿದೆಯಾ? ಸಾದಾ ಅಂಗಿ, ಸಾದಾ ಪ್ಯಾಂಟು, ಆದರೂ ಕಣ್ಣು ಅವರ ಮೇಲೇ! ತಿಳಿ ಬಣ್ಣದ ಕಾಟನ್ ಅಂಗಿ, ಗಾಢ ಬಣ್ಣದ ಪ್ಯಾಂಟು, ಪಾಲಿಶ್ ಮಾಡಿದ ಬೂಟು. ಗೆಳೆಯನ ಬೂಟಾದರೂ ಪರವಾಗಿಲ್ಲ, ಕಾಲಿಗೆ ಸರಿಹೊಂದಬೇಕು ಅಷ್ಟೆ. ಮದುವೆಗೆ ಹೊಲಿಸಿದ ಮಿಂಚೋ ಅಂಗಿ ಮನೆಯಲ್ಲೇ ಇರಲಿ. ಸೆಂಟು ಬೇಡ, ಸ್ನಾನ ಬೇಕು. ಗುಟ್ಕಾ ಜಗಿದ ಕೆಂಪು ಹಲ್ಲು ಮಾತ್ರ ಯಾವ ಅಂಗಿಯಿಂದಲೂ ಮುಚ್ಚೋದಿಲ್ಲ.

ಈಗ ಅಸಲಿ ವಿಷಯ. ತುಬಚಿಯ ಹುಡುಗ ಬೆಳಿಗ್ಗೆ ಗರಿಗರಿ ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತುತ್ತಾನೆ. ಜಮಖಂಡಿಯಲ್ಲಿ ಇಳಿದು ಬಾಗಲಕೋಟೆ ಬಸ್ಸು ಹಿಡಿಯೋ ಹೊತ್ತಿಗೆ ನೂಕುನುಗ್ಗಲು, ಧೂಳು, ಬೆವರು, ಪಕ್ಕದವನ ಕಬ್ಬಿನ ಜಲ್ಲೆ... ಅಂಗಿ ಹಿಂಡಿದ ಬಟ್ಟೆ! ಹೀಗೆ ಮಾಡ್ರಿ: ಬಸ್ಸಿಗೆ ಹಳೇ ಅಂಗಿ. ಇಸ್ತ್ರಿ ಅಂಗಿ ನ್ಯೂಸ್‌ಪೇಪರಿನಲ್ಲಿ ಮಡಿಸಿ, ಸರ್ಟಿಫಿಕೇಟಿನ ಫೈಲಿನ ಮೇಲೆ ಇಟ್ಟು ಚೀಲಕ್ಕೆ. ಜೊತೆಗೆ ಒಂದು ಬಾಚಣಿಗೆ, ಒಂದು ಟವೆಲ್ಲು. ಹೇಳಿದ ಸಮಯಕ್ಕೆ ಒಂದು ತಾಸು ಮುಂಚೆ ಇಳಿದು, ಬಸ್‌ಸ್ಟ್ಯಾಂಡಿನ ನಳದಲ್ಲಿ ಮುಖ, ಕುತ್ತಿಗೆ ತೊಳೆದು, ಬೆವರು ಆರಿದ ಮೇಲೆ ಅಂಗಿ ಬದಲಿಸಿ. ಟೀ ಕುಡಿಯೋದಿದ್ದರೆ ಹಳೇ ಅಂಗಿಯಲ್ಲೇ ಕುಡಿದುಬಿಡಿ. ಕಲೆ ಬಿದ್ದರೆ ಅದರ ಮೇಲೆ ಬೀಳಲಿ!

ಉಗುರು ಕತ್ತರಿಸಿಕೊಳ್ಳಿ. ರಬಕವಿ-ಬನಹಟ್ಟಿ ಕಡೆ ನೂಲಿಗೆ ಬಣ್ಣ ಹಾಕೋ ಮನೆಯ ಹುಡುಗರಿಗೆ ಎಷ್ಟು ತಿಕ್ಕಿದರೂ ಬೆರಳ ಸಂದಿಯಲ್ಲಿ ನೀಲಿ ಉಳಿದಿರುತ್ತೆ. ಅದಕ್ಕೆ ಕೈ ಮೇಜಿನ ಕೆಳಗೆ ಬಚ್ಚಿಡೋದು ಬೇಡ. ‘ಏನಿದು?’ ಅಂತ ಕೇಳಿದರೆ, ‘ಮನೆ ಕಸುಬು ಸರ್, ಅಪ್ಪನ ಜೊತೆ ನಾನೂ ಬಣ್ಣ ಹಾಕ್ತೀನಿ’ ಅನ್ನಿ. ಹೇಳುವಾಗ ಕಣ್ಣು ನೆಲದ ಮೇಲೆ ಬೇಡ, ಸಾಹೇಬರ ಮುಖದ ಮೇಲಿರಲಿ.