ವ್ಯಸನದ ಎರಡು ಅರ್ಥ

ವ್ಯಸನವೆಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳಿವೆ. ಸಪ್ತವ್ಯಸನಗಳೆಂದಾಗ ಅದು ಚಟ. ವ್ಯಸನಪಟ್ಟರು ಎಂದಾಗ ದುಃಖ. ಮಾದಕ ವಸ್ತುವಿಗೆ ಬಲಿಯಾದ ಮಗನ ಮನೆಯಲ್ಲಿ ಈ ಎರಡು ಅರ್ಥಗಳೂ ಒಂದೇ ನಡುಮನೆಯಲ್ಲಿ ಕುಳಿತಿರುತ್ತವೆ. ಮೊದಲನೆಯದನ್ನು ಬಾಯಿಬಿಟ್ಟು ಹೇಳಲಾಗದು. ಹಾಗಾಗಿ ಎರಡನೆಯದನ್ನು ಮನದಣಿಯೆ ಪಡಲೂ ಆಗದು.

ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಲೋಹಿತಾಶ್ವ ಹಾವು ಕಚ್ಚಿ ಮಡಿಯುತ್ತಾನೆ. ಚಂದ್ರಮತಿಯ ಗೋಳಿಗೆ ಎಣೆಯಿಲ್ಲ, ನಿಜ. ಆದರೆ ಮಗನನ್ನು ಕೊಂದದ್ದು ಹಾವೆಂದು ಹೇಳಲು ಆಕೆಗೆ ನಾಚಿಕೆಯ ಅಡ್ಡಿಯಿಲ್ಲ. ಇಂದಿನ ಈ ತಾಯಿಗೆ ಅಷ್ಟು ಸ್ವಾತಂತ್ರ್ಯವೂ ಇಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಡೆ ಸಾವು ಒಂದು ಮನೆಯ ಪಾಲಿಗೆ ಬಿಟ್ಟದ್ದಲ್ಲ. ಹಾಲುತುಪ್ಪಕ್ಕೂ ತಿಥಿಗೂ ನೆಂಟರಿಷ್ಟರು ಸೇರುತ್ತಾರೆ, ಸತ್ತವರ ಗುಣವನ್ನೆತ್ತಿ ಆಡುತ್ತಾರೆ, ಅಳುವವರನ್ನು ಅಳಲು ಬಿಡುತ್ತಾರೆ. ಇಪ್ಪತ್ತರ ಆಚೀಚಿನ ಹುಡುಗ ಚಟದಿಂದ ಹೋದನೆಂದರೆ ಮಾತ್ರ ಈ ಏರ್ಪಾಡು ಮುಗ್ಗರಿಸುತ್ತದೆ. ಮನೆಯವರು ಹೃದಯಾಘಾತವೆನ್ನುತ್ತಾರೆ, ಇಲ್ಲವೆ ಕಾಮಾಲೆಯೆನ್ನುತ್ತಾರೆ. ಬಂದವರು ತಲೆದೂಗಿ, ಜಗಲಿಯಿಳಿದ ಮೇಲೆ ಬೇರೆ ಮಾತಾಡುತ್ತಾರೆ. ಸಮಾಜವು ಶೋಕವೆಂದೇ ಒಪ್ಪದ ಇಂಥ ಶೋಕಕ್ಕೆ ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಒಂದು ಗ್ರಂಥವನ್ನೇ ಮೀಸಲಿಟ್ಟರು. ನಮ್ಮ ಹಳ್ಳಿಗಳಿಗೆ ಗ್ರಂಥದ ಅವಶ್ಯಕತೆಯಿಲ್ಲ. ಆ ಜಗಲಿಯನ್ನು ನೋಡಿದರೆ ಸಾಕು.

ಹೀಗೆ ಹೆಸರು ಮರೆಸಿದ ಸಾವು ಲೆಕ್ಕಕ್ಕೂ ಸಿಕ್ಕುವುದಿಲ್ಲ. ಕರ್ನಾಟಕದಲ್ಲಿ ಸಾರಾಯಿಯನ್ನು 2007ರ ಜುಲೈಯಲ್ಲಿ ನಿಷೇಧಿಸಲಾಯಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಿನ ಪ್ರದೇಶದಿಂದ ತಮಿಳುನಾಡಿನ ಕೃಷ್ಣಗಿರಿಯವರೆಗೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಕೆಲವೇ ದಿನಗಳಲ್ಲಿ, ಒಟ್ಟೊಟ್ಟಿಗೆ ಸತ್ತುದರಿಂದ ಅದು ದುರಂತವೆನಿಸಿತು. ಮಾದಕ ವಸ್ತುವಿನ ಸಾವು ಹಾಗೆ ಗುಂಪಾಗಿ ಬರುವುದಿಲ್ಲ. ಇಂದು ಈ ಮನೆಗೆ, ಆರು ತಿಂಗಳ ಮೇಲೆ ಇನ್ನೊಂದಕ್ಕೆ ಬರುತ್ತದೆ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ಸಂಸ್ಥೆಯವರು ನಡೆಸಿ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ, ಅಫೀಮು ಮತ್ತು ಅದರ ಜಾತಿಯ ವಸ್ತುಗಳನ್ನು ಬಳಸುವವರು ದೇಶದಲ್ಲಿ ಸುಮಾರು 2.26 ಕೋಟಿ. ಆದರೆ ಅಪರಾಧ ದಾಖಲೆಗಳ ರಾಷ್ಟ್ರೀಯ ಬ್ಯೂರೋ ಅತಿಸೇವನೆಯ ಸಾವೆಂದು ಬರೆದುಕೊಳ್ಳುವುದು ವರ್ಷಕ್ಕೆ ಸಾವಿರದೊಳಗೆ. ಈ ಎರಡು ಅಂಕಿಗಳ ನಡುವಣ ಕಂದರದಲ್ಲಿ ಎಷ್ಟು ಹೃದಯಾಘಾತಗಳಿವೆಯೋ!

ಹೊಲ ಮಾರಿದ ದುಡ್ಡು, ವಿಮಾನ ನಿಲ್ದಾಣ, ಹೆದ್ದಾರಿ ಎಂದು ಕಾರಣಗಳನ್ನು ಎಣಿಸುವ ಪಂಡಿತರಿಗೇನೂ ಕೊರತೆಯಿಲ್ಲ. ಮಗ್ಗದ ಮನೆಯ ಹುಡುಗನಿಗೆ ಮಾರಲು ಯಾವ ಹೊಲವಿತ್ತು? ಅದು ಹೋಗಲಿ.

ಮನೆಯವರ ಮೌನಕ್ಕೆ ಭಯವೂ ಕಾರಣ. ಆಸ್ಪತ್ರೆಗೆ ಹೋದರೆ ಪೊಲೀಸರು ಬಂದಾರು ಎಂಬುದು. ಮಾದಕ ವಸ್ತುಗಳ 1985ರ ಕಾಯಿದೆ ಕಠಿಣವಾದುದೇ ಸರಿ. ಆದರೂ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ, ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುವ 64-ಎ ಕಲಮು ಅದರಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೂ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮನಃಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. 14446 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೂ ಸಲಹೆ ದೊರೆಯುತ್ತದೆ.

ಬಚ್ಚಿಟ್ಟ ಮಾತಿನೊಂದಿಗೆ ಅತ್ಯಗತ್ಯವಾದ ಒಂದು ತಿಳಿವಳಿಕೆಯೂ ಬಚ್ಚಿಟ್ಟುಹೋಗುತ್ತದೆ. ಅಫೀಮು ಜಾತಿಯ ವಸ್ತುಗಳನ್ನು ಕೆಲವು ವಾರ ಬಿಟ್ಟವನ ದೇಹವು ಹಳೆಯ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹುಡುಗ ಚಿಕಿತ್ಸೆ ಮುಗಿಸಿ ಬಂದನೆಂದು ತಾಯಿ ದೇವರಿಗೆ ದೀಪ ಹಚ್ಚುವ ದಿನಗಳೇ ಅತ್ಯಂತ ಅಪಾಯದ ದಿನಗಳು. ಒಮ್ಮೆ ಜಾರಿ ಮೊದಲಿನಷ್ಟನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಹಾಗೆ ನಿಂತ ಉಸಿರನ್ನು ಮರಳಿಸಬಲ್ಲ ನ್ಯಾಲೋಕ್ಸೋನ್ ಎಂಬ ಔಷಧವಿದೆ. ಅದು ಹೊತ್ತಿಗೆ ಸರಿಯಾಗಿ ದೊರೆಯಬೇಕು, ಅಷ್ಟೆ. ಮಗನನ್ನು ಕಳೆದುಕೊಂಡ ಮನೆಗೆ ಇದೆಲ್ಲ ಈಗ ಗೊತ್ತು. ಹೃದಯಾಘಾತವೆಂದು ಒಮ್ಮೆ ಹೇಳಿದ ಮೇಲೆ ಅದನ್ನು ಪಕ್ಕದ ಮನೆಗೆ ಹೇಳುವಂತಿಲ್ಲ. ಅದೇ ಮನೆಯಲ್ಲಿ ತಮ್ಮನೊಬ್ಬನಿದ್ದರೆ, ಅಣ್ಣ ಹೇಗೆ ಸತ್ತನೆಂಬುದನ್ನು ಅವನು ಬೀದಿಯವರ ಬಾಯಿಂದ ತಿಳಿಯಬೇಕಾಗುತ್ತದೆ.