ಐದೂವರೆ ಗಂಟೆಯ ಒಗಟು

ಚಳ್ಳಕೆರೆಯ ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿ ಹಳೆಯ ಸರ್ವರನ್ನು ಬದಲಾಯಿಸಿದ ವಾರದಲ್ಲಿಯೇ ಒಂದು ವಿಚಿತ್ರವು ನಡೆಯಿತು. ಬೆಳಗ್ಗೆ 10.30ಕ್ಕೆ ವರದಿ ಸಲ್ಲಿಸಿದ ವಿದ್ಯಾರ್ಥಿಗಳೆಲ್ಲರೂ ಸಂಜೆ 4ಕ್ಕೆ ಸಲ್ಲಿಸಿದರೆಂದು ಯಂತ್ರವು ದಾಖಲಿಸಿತು. ಗಡುವು ಇದ್ದುದು ಮಧ್ಯಾಹ್ನ 12ಕ್ಕೆ. ತಪ್ಪಿಲ್ಲದವರ ಆಂತರಿಕ ಅಂಕಗಳು ಕಡಿತವಾದವು. ಆ ಪಟ್ಟಿಗೆ ಸಹಿ ಹಾಕಿದವನು ನಾನೇ.

ಹಲವು ಗಣಕಯಂತ್ರಗಳಿಗೆ ಬೇಕಾದ ಕಡತಗಳನ್ನು ಒಂದೆಡೆ ಕಾಪಾಡಿ, ಕೇಳಿದಾಗ ಒದಗಿಸುವ ಯಂತ್ರವೇ ಸರ್ವರ್. ಅದರ ಸಕಲ ವ್ಯವಹಾರಗಳನ್ನೂ ನಡೆಸುವುದು ಆಪರೇಟಿಂಗ್ ಸಿಸ್ಟಂ. ಹಳೆಯದರಲ್ಲಿ ವಿಂಡೋಸ್ ಇದ್ದಿತು. ಪರವಾನಗಿಯ ಹಣವನ್ನು ಉಳಿಸುವ ಸಲುವಾಗಿ ಹೊಸದರಲ್ಲಿ, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸನ್ನು ಅಳವಡಿಸಿದೆವು. ನಮ್ಮಲ್ಲಿ ಯಾರಿಗೂ ಅದರ ಪರಿಚಯವಿರಲಿಲ್ಲ.

ಒಗಟನ್ನು ಬಿಡಿಸಿದವಳು ದ್ವಿತೀಯ ವರ್ಷದ ಒಬ್ಬ ವಿದ್ಯಾರ್ಥಿನಿ. "ಗಡಿಯಾರ ಕೆಟ್ಟಿದ್ದರೆ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆಯೇ ಏಕಿರಬೇಕು ಸಾರ್?" ಎಂದಳು. ಪೂರ್ವ ರೇಖಾಂಶ 82½ ಡಿಗ್ರಿಯನ್ನು ಆಧರಿಸಿದ ನಮ್ಮ ಕಾಲಮಾನವು ಯು.ಟಿ.ಸಿ. ಎಂಬ ಜಾಗತಿಕ ಕಾಲಮಾನಕ್ಕಿಂತ ಅಷ್ಟೇ ಮುಂದಿದೆಯಷ್ಟೆ! ಯಂತ್ರದೊಳಗೆ, ವಿದ್ಯುತ್ತು ಹೋದಾಗಲೂ ಪುಟ್ಟ ಬ್ಯಾಟರಿಯ ಬಲದಿಂದ ನಡೆಯುವ ಗಡಿಯಾರವೊಂದುಂಟು. ವಿಂಡೋಸ್ ಸಾಮಾನ್ಯವಾಗಿ ಅದರಲ್ಲಿ ಸ್ಥಳೀಯ ಸಮಯವನ್ನೇ ಇಡುತ್ತದೆ. ಲಿನಕ್ಸಾದರೋ ಅದನ್ನು ಯು.ಟಿ.ಸಿ. ಎಂದೇ ಭಾವಿಸಿ, ನಮಗೆ ತೋರಿಸುವಾಗ ಐದೂವರೆ ಗಂಟೆಯನ್ನು ಕೂಡಿಸುತ್ತದೆ. ನಾವು ಹಳೆಯ ಅಭ್ಯಾಸದಂತೆ ಗೋಡೆಯ ಗಡಿಯಾರವನ್ನು ನೋಡಿ ಅದನ್ನು ಹೊಂದಿಸಿದ್ದೆವು. ಅಂತರಜಾಲದ ಸಂಪರ್ಕವಿದ್ದಿದ್ದರೆ ತಾನಾಗಿಯೇ ತಿದ್ದಿಕೊಳ್ಳುತ್ತಿತ್ತೇನೋ. ನಮ್ಮ ಸರ್ವರಿಗೆ ಅದಿರಲಿಲ್ಲ.

ಎರಡು ಪದ್ಧತಿಗಳಲ್ಲಿ ಯಾವುದೂ ತಪ್ಪಲ್ಲ. ರೈಲಿನಲ್ಲಿ ಕುಳಿತವನ ವೇಗವೆಷ್ಟೆಂದು ಯಾರಾದರೂ ಕೇಳಿದರೆ "ಯಾವುದಕ್ಕೆ ಹೋಲಿಸಿ?" ಎಂದು ತರಗತಿಯಲ್ಲಿ ಪ್ರತಿವರ್ಷವೂ ಮರುಪ್ರಶ್ನೆ ಹಾಕುವ ನಾನು, ಸಮಯದ ವಿಷಯದಲ್ಲಿ ಅದನ್ನು ಕೇಳಲು ಮರೆತೆನು.

ಬೇರೆ ತೊಡಕುಗಳೂ ಬಂದವು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳು ಬೇರೆಯಾದರೆ ಲಿನಕ್ಸಿಗೆ ಅವು ಎರಡು ಕಡತಗಳು. ಇದು ಅಲ್ಪ ವಿಷಯ. ಹಳೆಯ ಕನ್ನಡ ಪ್ರಶ್ನೆಪತ್ರಿಕೆಗಳು ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಂಡಾಗ ಎದೆ ಧಸಕ್ಕೆಂದಿತು. ಯೂನಿಕೋಡಿಗೆ ಮುಂಚಿನ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದರು. ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ಕಾಣುವುದು ರೋಮನ್ನೇ. ಯೂನಿಕೋಡ್ ಕನ್ನಡಕ್ಕೆ 3200ರಿಂದ 3327ರವರೆಗೆ ಪ್ರತ್ಯೇಕವಾದ 128 ಸ್ಥಾನಗಳನ್ನು ಕೊಟ್ಟಿದೆ.

ನೆರೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಇಂತಹುದೇ ಒಂದು ಪ್ರಸಂಗವು ಕಲ್ಲಿನ ಮೇಲಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವು ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ಲಿಪಿಕಾರನಾದ ಚಪಡನು ತನ್ನ ಹೆಸರನ್ನು ಬರೆದು, ಅಂತಿಮ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಬ್ರಾಹ್ಮಿಯ ನಿಯಮದಿಂದ ಆ ಪದಕ್ಕೆ ಅರ್ಥವಿಲ್ಲ. ಆದರೂ ಬರೆದವನು ಯಾರೆಂಬುದು ಎರಡು ಸಾವಿರ ವರ್ಷಗಳಾದ ಮೇಲೂ ತಿಳಿಯುತ್ತದೆ. ನಮ್ಮ ಹಳೆಯ ಸರ್ವರನ್ನು ಸಜ್ಜುಗೊಳಿಸಿದವರು ಯಾರೆಂಬುದು ಹತ್ತೇ ವರ್ಷಗಳಲ್ಲಿ ಮರೆತುಹೋಗಿತ್ತು. ಅವರು ಒಂದು ಚೀಟಿಯನ್ನೂ ಬರೆದಿಟ್ಟಿರಲಿಲ್ಲ.

ಬೆಂಗಳೂರಿನಿಂದ ತಜ್ಞರನ್ನು ಕರೆಸಿದರೆ ಒಂದೇ ದಿನದ ಕೆಲಸವೆಂದು ಸಹೋದ್ಯೋಗಿಗಳು ಹೇಳಿದರು. ಅದು ನಿಜ, ನಮಗೆ ಮೂರು ವಾರಗಳು ಹಿಡಿದವು. ಆದರೆ ತಜ್ಞರು ಹೋದ ಮರುದಿನ ನಾವು ಪುನಃ ಅಪರಿಚಿತ ಯಂತ್ರದ ಮುಂದೆಯೇ ನಿಲ್ಲುತ್ತಿದ್ದೆವು. ಇಂತಹ ಕೆಲಸವನ್ನು ಕಾಲೇಜಿನವರೇ, ಅದರಲ್ಲಿಯೂ ವಿದ್ಯಾರ್ಥಿಗಳ ಕೈಯಿಂದ, ಮಾಡಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅವರು ಮೊದಲು ಮೂಲೆಗೆ ಬಿದ್ದ ಹಳೆಯ ಗಣಕದಲ್ಲಿ ಪ್ರಯೋಗಿಸಿ ನೋಡಲಿ. ಸರ್ವರಿನ ಮುಖ್ಯ ಗುಪ್ತಪದವು ಅಧ್ಯಾಪಕರಲ್ಲಿಯೇ ಇರಲಿ. ಪ್ರಯೋಗದ ರೆಕಾರ್ಡ್ ಪುಸ್ತಕದಂತೆ, ಯಾವ ಆದೇಶವನ್ನು ಏತಕ್ಕಾಗಿ ಕೊಟ್ಟೆವು, ಫಲವೇನಾಯಿತು ಎಂಬುದನ್ನು ದಿನಾಂಕದೊಡನೆ ಬರೆದು ಸಹಿ ಹಾಕಲಿ.

ನಮ್ಮ ಪುಸ್ತಕದ ಮೊದಲನೆಯ ಪುಟದಲ್ಲಿ ಗಡಿಯಾರದ ಸಂಗತಿಯಿದೆ. ಪ್ರಾಂಶುಪಾಲರಿಗೆ ಆ ಪುಟವನ್ನೇ ತೋರಿಸಿ ಅಂಕಗಳನ್ನು ಮರಳಿ ಕೊಡಿಸಿದೆನು. ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಕಾರ್ಯವು ಅರ್ಧಕ್ಕೆ ನಿಂತಿದೆ. ಎಲ್ಲಿ ನಿಂತಿದೆಯೆಂದು ಕಡೆಯ ಪುಟದಲ್ಲಿ ಬರೆದಿರುವುದರಿಂದ, ಬರುವ ವರ್ಷದವರು ಅಲ್ಲಿಂದ ಮುಂದುವರಿಸುವರು.