ಸ್ವಲ್ಪ ಸ್ಮೈಲ್ ಮಾಡಿ ಸಾರ್!

ಸ್ಟುಡಿಯೋಗೆ ಹೋದರೆ ಮೂರೇ ಮಂತ್ರ... ಗದ್ದ ಕೆಳಗೆ, ಭುಜ ನೇರ, ಸ್ವಲ್ಪ ಸ್ಮೈಲ್ ಮಾಡಿ ಸಾರ್. ಎರಡೂ ಕಡೆಯಿಂದ ಒಂದೇ ಸಮ ಬೆಳಕು ಬೇರೆ. ನೆರಳೇ ಇಲ್ಲ, ಹಾಗಾಗಿ ಮುಖವೆಲ್ಲ ತಟ್ಟೆ ಥರ ಚಪ್ಪಟೆ!

ಒಂದು ಲೈಟ್ ಆರಿಸಿ, ಇನ್ನೊಂದನ್ನು 45 ಡಿಗ್ರಿ ಪಕ್ಕಕ್ಕೆ ಸರಿಸಿ, ಕಣ್ಣಿಗಿಂತ ಸ್ವಲ್ಪ ಮೇಲಿಟ್ಟು ನೋಡಿ. ಆಚೆ ಕೆನ್ನೆಯ ನೆರಳಿನಲ್ಲಿ ಬೆಳಕಿನ ಪುಟ್ಟ ತ್ರಿಕೋನ ಮೂಡುತ್ತೆ. ಇದಕ್ಕೆ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಹೆಸರನ್ನೇ ಇಟ್ಟಿದ್ದಾರೆ. ಕಾಸೇನೂ ಖರ್ಚಿಲ್ಲ.

ಆದರೆ ನನ್ನ ಪ್ರಕಾರ ಬೆಳಕಿಗಿಂತ ಕಷ್ಟದ್ದು ಮುಖಭಾವ. ‘ನಗಿ’ ಅಂದ್ರೆ ಹಲ್ಲು ಕಾಣುತ್ತೆ, ನಗು ಬರಲ್ಲ. ಅಮೆರಿಕದ ಫಿಲಿಪ್ ಹಾಲ್ಸ್‌ಮನ್ ಏನು ಮಾಡ್ತಿದ್ದ ಗೊತ್ತಾ? ಒಂದ್ಸಲ ಜಿಗಿಯಿರಿ ಅಂತಿದ್ದ! ಮರ್ಲಿನ್ ಮನ್ರೋ ಜಿಗಿದಳು, ಆಗ ಉಪಾಧ್ಯಕ್ಷರಾಗಿದ್ದ ನಿಕ್ಸನ್ ಕೂಡ ಜಿಗಿದರು. ಆ ಚಿತ್ರಗಳ ಪುಸ್ತಕ 1959ರಲ್ಲಿ ಬಂತು. ಗಮನವೆಲ್ಲ ಜಿಗಿಯೋದರ ಮೇಲಿದ್ದಾಗ ಮುಖವಾಡ ಕಳಚಿ ಬೀಳುತ್ತೆ ಅನ್ನೋದು ಅವನ ವಾದ.

ನಮ್ಮ ಅಜ್ಜಂದಿರನ್ನು ಜಿಗಿಸೋದು ಬೇಡ ಬಿಡಿ :) ತೋಟದ ಬಗ್ಗೆ, ಮೊಮ್ಮಕ್ಕಳ ಬಗ್ಗೆ ಎರಡು ಮಾತಾಡಿಸಿ ಕ್ಲಿಕ್ಕಿಸಿ. ನಾಳೆ ಗೋಡೆ ಮೇಲೆ ಹಾರ ಹಾಕಿಸಿಕೊಳ್ಳೋದು ಇದೇ ಫೋಟೋ. ಅದರಲ್ಲಿ ನಾವು ಕಂಡ ಅಜ್ಜನೇ ಇರಬೇಕಲ್ವಾ? ನೀವೇನಂತೀರಿ?